ಮಗ ಸೇನೆಯಲ್ಲಿ, ಬುಲೆಟ್ ಮನೆಯಲ್ಲಿ: ಹಾಳಾಗದ ಹಾಗೆ ಇಡೋದು ಹೇಗೆ?

ಮಡಿಕೇರಿ_ಮನೆ:
ಮಗ ಅಗ್ನಿವೀರ. ವರ್ಷಕ್ಕೆ 30 ದಿನ ರಜೆ. ಅವನ 2022ರ ಬುಲೆಟ್ ಬೈಕ್ (ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350) ಶೆಡ್ಡಿನಲ್ಲಿದೆ. ನನಗೆ ಸ್ಕೂಟರ್ ಮಾತ್ರ ಬರುತ್ತೆ, ಹಾಗಾಗಿ ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತೀನಿ. ಆದ್ರೂ ಬ್ಯಾಟರಿ ಡೌನ್. ಮಳೆಗಾಲ ಬೇರೆ ಬಂತು. ಏನು ಮಾಡಲಿ?

ಸ್ಪ್ಯಾನರ್14:
ಮೊದಲು ಆ ಐದು ನಿಮಿಷದ ಸ್ಟಾರ್ಟ್ ನಿಲ್ಲಿಸಿ ಅಮ್ಮ. ಸೆಲ್ಫ್ ತಿಂದ ಕರೆಂಟು ಅಷ್ಟರಲ್ಲಿ ವಾಪಸ್ ತುಂಬಲ್ಲ. ಇಂಜಿನ್ ಸರಿಯಾಗಿ ಕಾಯದೆ ಸೈಲೆನ್ಸರಿನಲ್ಲಿ, ಆಯಿಲಿನಲ್ಲಿ ನೀರು ಉಳಿಯುತ್ತೆ. ಆಯಿಲ್ ಕ್ಯಾಪ್ ಬಿಚ್ಚಿ ನೋಡಿ, ಒಳಗೆ ಹಾಲಿನ ಕೆನೆ ಥರ ಅಂಟಿದ್ದರೆ ಅದು ಆ ನೀರೇ.

ಓಡಿಸೋರು ಸಿಕ್ಕರೆ 15 ದಿನಕ್ಕೊಮ್ಮೆ 10-15 ಕಿ.ಮೀ. ಸುತ್ತಿಸಿ. ಸಿಗದಿದ್ರೆ ಗಾಡಿಯನ್ನ ಪೂರ್ತಿ ಮಲಗಿಸೋದೇ ವಾಸಿ. ಆಯಿಲ್ ಬದಲಿಸಿ, ಟ್ಯಾಂಕ್ ಫುಲ್ ಮಾಡಿಸಿ. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರುತ್ತೆ. ಟ್ಯಾಂಕ್ ಅರ್ಧ ಖಾಲಿ ಇದ್ರೆ ಒಳಗಿನ ಗಾಳಿಯ ತೇವ ಹೀರಿ ನೀರು ತಳಕ್ಕಿಳಿಯುತ್ತೆ, ತುಕ್ಕು ಅಲ್ಲಿಂದಲೇ ಶುರು.

ಬ್ಯಾಟರಿಗೆ ಮೊದಲು ಕಪ್ಪು ವೈರ್ ಬಿಚ್ಚಿ, ಆಮೇಲೆ ಕೆಂಪು. ಹಾಕುವಾಗ ಉಲ್ಟಾ. ಕೆಂಪನ್ನು ಮೊದಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಚಾಸಿಗೆ ತಾಗಿದ್ರೆ ಕಿಡಿ ಹಾರುತ್ತೆ. ತಿಂಗಳಿಗೊಮ್ಮೆ ಬ್ಯಾಟರಿಗೆ ವೋಲ್ಟ್ ಮೀಟರ್ ಹಿಡಿದು ನೋಡಿ, 12.4 ವೋಲ್ಟಿಗಿಂತ ಕೆಳಗಿದ್ರೆ 1 ಆಂಪಿಯರಿನ ಸಣ್ಣ ಚಾರ್ಜರ್ ಹಾಕಿ. ಕಾರಿನ ಚಾರ್ಜರ್ ಬೇಡವೇ ಬೇಡ.

ಕಾಫಿಘಾಟ್:
ಟಾರ್ಪಲ್ ಸುತ್ತಬೇಡಿ, ಒಳಗೇ ಬೆವರುತ್ತೆ. ಹಳೇ ಹತ್ತಿ ಬೆಡ್‌ಶೀಟ್ ಸಾಕು. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರವನ್ನ ಆಗಾಗ ಕಾಲು ಸುತ್ತು ತಿರುಗಿಸಿ, ಇಲ್ಲಾಂದ್ರೆ ಟೈರ್ ಒಂದೇ ಕಡೆ ಚಪ್ಪಟೆ. ಚೈನಿಗೆ 90 ನಂಬರ್ ಗೇರ್ ಆಯಿಲ್, ಲಿಂಕಿಗೊಂದು ತೊಟ್ಟು. ಬ್ರೇಕಿನ ಡಿಸ್ಕಿಗೆ ಮಾತ್ರ ಹನಿಯೂ ತಾಗಬಾರದು. ಇಲಿ ನುಗ್ಗದ ಹಾಗೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಅದರ ನೆನಪಿಗೆ ಹ್ಯಾಂಡಲ್ಲಿಗೆ ಕೆಂಪು ದಾರ ಕಟ್ಟಿ. ಇಲ್ಲಾಂದ್ರೆ ಮಗ ರಜೆಗೆ ಬಂದ ಖುಷಿಯಲ್ಲಿ ಬಟ್ಟೆ ತೆಗೆಯೋದು ಮರೀತಾನೆ!

ಕೆಎ12:
ನಿಂತ ಗಾಡಿಗೆ ಇನ್ಶೂರೆನ್ಸ್ ಯಾಕೆ ಅಂತ ಬಿಡಬೇಡಿ. ಅವಧಿ ಮುಗಿದು 90 ದಿನ ದಾಟಿದ್ರೆ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ ವರ್ಷಗಳಿಗೆ ಸಿಗೋ ರಿಯಾಯಿತಿ) ಹೋಗುತ್ತೆ. ಓಟಿಪಿ ಮಗನ ಫೋನಿಗೆ ಹೋಗೋದ್ರಿಂದ ಅವನು ರಜೆಯಲ್ಲಿದ್ದಾಗಲೇ ರಿನ್ಯೂ ಮಾಡಿಸಿ. ಬಿಎಚ್ ನಂಬರ್ (ಎಲ್ಲ ರಾಜ್ಯದಲ್ಲೂ ನಡೆಯೋ ನೋಂದಣಿ) ಆದ್ರೆ ಟ್ಯಾಕ್ಸ್ ಎರಡು ವರ್ಷಕ್ಕೊಮ್ಮೆ ಕಟ್ಟಬೇಕು, ಅದನ್ನೂ ನೋಡ್ಕೊಳ್ಳಿ.

ಮಡಿಕೇರಿ_ಮನೆ:
ಬ್ಯಾಟರಿ ಬಿಚ್ಚಿದ್ರೆ ಓಡಿದ ಕಿ.ಮೀ. ಲೆಕ್ಕ ಅಳಿಸಿಹೋಗುತ್ತಾ?

ಸ್ಪ್ಯಾನರ್14:
ಇಲ್ಲಮ್ಮ. ಗಡಿಯಾರದ ಟೈಮ್ ಮಾತ್ರ ಮತ್ತೆ ಸೆಟ್ ಮಾಡ್ಬೇಕು.