ಇಪಿಎಬಿಎಕ್ಸ್‌ಗೆ ಮೋಡೆಮ್ ಹಾಕಿದ್ದೇನೆ, ಪರದೆ ಖಾಲಿ: ಅನುಭವ ಇದ್ದವರು ಹೇಳಿ

ತುಮಕೂರಿನ ನಮ್ಮ ಫ್ಯಾಕ್ಟರಿಯಲ್ಲಿ ಮೆರಿಡಿಯನ್ ಆಪ್ಷನ್ 11ಸಿ ಅನ್ನುವ ಹಳೇ ಇಪಿಎಬಿಎಕ್ಸ್ (ಒಳಗಿನ ಫೋನ್‌ಗಳ ಎಕ್ಸ್‌ಚೇಂಜ್) ಇನ್ನೂ ಓಡುತ್ತಿದೆ. ರಾತ್ರಿ ಅಲಾರಂ ಬಂದರೆ ನಾನು ಬೆಂಗಳೂರಿನಿಂದ 70 ಕಿ.ಮೀ. ಹೋಗಬೇಕು. ಅದಕ್ಕೇ ಮನೆಯಿಂದಲೇ ನೋಡೋಣ ಅಂತ ಅದರ ಟರ್ಮಿನಲ್ ಪೋರ್ಟಿಗೆ ಹಳೇ ಎಕ್ಸ್‌ಟರ್ನಲ್ ಮೋಡೆಮ್ ಹಾಕಿದೆ. ಮನೆಯಿಂದ ಡಯಲ್ ಮಾಡಿದರೆ ಎತ್ತಿಕೊಳ್ಳುತ್ತದೆ, ಕಿರುಚುತ್ತದೆ, ಕನೆಕ್ಟ್ ಅಂತಲೂ ಬರುತ್ತದೆ. ಅಷ್ಟೇ. ಲಾಗಿನ್ ಇಲ್ಲ. ಯಾರಾದರೂ ಇದನ್ನು ಮಾಡಿದ್ದೀರಾ?

—

ಮೊದಲು ಕೇಬಲ್ ನೋಡಿ ಸರ್. ಮೋಡೆಮ್ ಡಿಸಿಇ (ಲೈನಿನ ಕಡೆಯ ಸಾಧನ). ನಿಮ್ಮ ಪೋರ್ಟೂ ಡಿಸಿಇ ಆಗಿದ್ದರೆ 25 ಪಿನ್ನಿನ ಕನೆಕ್ಟರಿನಲ್ಲಿ ಇಬ್ಬರೂ 3ನೇ ಪಿನ್ನಲ್ಲಿ ಮಾತಾಡಿ 2ನೇ ಪಿನ್ನಿಗೆ ಕಿವಿ ಕೊಟ್ಟು ಕೂರುತ್ತಾರೆ. ಈ ಎರಡು ತಂತಿ ಅದಲುಬದಲಾಗಿರುವ ನಲ್ ಮೋಡೆಮ್ ಕೇಬಲ್ ಹಾಕಿ, ಇಲ್ಲವೇ ಪೋರ್ಟನ್ನು ಡಿಟಿಇ (ಕಂಪ್ಯೂಟರ್ ಕಡೆಯ ಸಾಧನ) ಮಾಡಿ. ಖಾಲಿ ಬದಲು ಕಸ ಬರತೊಡಗಿದರೆ ಅದು ವೇಗದ ತಕರಾರು. ಲ್ಯಾಪ್‌ಟಾಪನ್ನು ಪೋರ್ಟಿನ ವೇಗಕ್ಕೇ ಇಟ್ಟು ಮೋಡೆಮ್‌ಗೆ ಆಜ್ಞೆ ಕೊಡಿ, ಕೊನೆಗೆ ಅದನ್ನು ಉಳಿಸಲು ಎಟಿ&ಡಬ್ಲ್ಯೂ. ಕರೆಂಟ್ ಹೋಗಿ ಬಂದರೂ ಸೆಟ್ಟಿಂಗ್ ಉಳಿಯುತ್ತದೆ.

—

ನನ್ನ ಎರಡು ದಿನ ತಿಂದದ್ದು ಎಕೋ. ನಮ್ಮದು ಬೇರೆ ಇಪಿಎಬಿಎಕ್ಸ್. ಫೋನ್ ಬಂದ ಕೂಡಲೇ ಮೋಡೆಮ್ "ರಿಂಗ್" ಅಂತ ಪೋರ್ಟಿಗೆ ಬರೆಯುತ್ತದೆ. ಯಾರೋ ಟೈಪ್ ಮಾಡಿದರು ಅಂದುಕೊಂಡು ಇಪಿಎಬಿಎಕ್ಸ್ ಕಡೆಯಿಂದ ಎರರ್. ಮೋಡೆಮ್ ಅದನ್ನೇ ವಾಪಸ್ ಒದರುತ್ತದೆ. ಮತ್ತೆ ಎರರ್. ರಾತ್ರಿಯಿಡೀ ಇಬ್ಬರದೂ ಇದೇ ಜಗಳ! ಮೋಡೆಮ್‌ನ ಬಾಯಿ ಮುಚ್ಚಿಸಬೇಕು: ಎಸ್0=1 ಕೊಟ್ಟು ತಾನೇ ಎತ್ತುವಂತೆ ಮಾಡಿ, ಆಮೇಲೆ ಇ0 (ಎಕೋ ಬಂದ್), ಕ್ಯೂ1 (ಉತ್ತರ ಬಂದ್). ಕ್ಯೂ1 ಕೊಟ್ಟ ಮೇಲೆ "ಓಕೆ" ಕೂಡ ಬರುವುದಿಲ್ಲ, ಮೋಡೆಮ್ ಸತ್ತಿತು ಅಂತ ಹೆದರಬೇಡಿ. ನಾನು ಹೆದರಿ ಹೊಸದೊಂದು ತಂದಿದ್ದೆ.

—

ಎರಡು ಮಾತು ಸೇರಿಸುತ್ತೇನೆ. ಮೋಡೆಮ್‌ಗೆ ಇಪಿಎಬಿಎಕ್ಸ್‌ನದೇ ಎಕ್ಸ್‌ಟೆನ್ಷನ್ ಲೈನ್ ಕೊಡಬೇಡಿ. ಇಪಿಎಬಿಎಕ್ಸ್ ಮಲಗಿದ ದಿನವೇ ಅಲ್ವಾ ನಿಮಗೆ ಒಳಗೆ ಹೋಗಬೇಕಾದದ್ದು? ನೇರ ಲೈನ್ ಹಾಕಿ, ಮೋಡೆಮನ್ನೂ ಯುಪಿಎಸ್‌ಗೆ ಸೇರಿಸಿ.

ಇನ್ನೊಂದು, ಲಾಗ್ಔಟ್. ನಡುವೆ ಲೈನ್ ಕಟ್ಟಾದರೆ ಸೆಷನ್ ತೆರೆದೇ ಉಳಿಯಬಹುದು. ಮುಂದೆ ಡಯಲ್ ಮಾಡಿದವನು ಪಾಸ್‌ವರ್ಡ್ ಇಲ್ಲದೆ ಒಳಗೆ! ಅಂಥವರು ನಿಮ್ಮ ಖರ್ಚಿನಲ್ಲಿ ಐಎಸ್‌ಡಿ ಮಾಡಿಕೊಳ್ಳುತ್ತಾರೆ. ಲೈನ್ ಕಟ್ಟಾದದ್ದು ಪೋರ್ಟಿಗೆ ಗೊತ್ತಾಗಲು &ಸಿ1, ಪೋರ್ಟ್ ಕೈಬಿಟ್ಟರೆ ಮೋಡೆಮ್ ಫೋನ್ ಇಡಲು &ಡಿ2 ಹಾಕಿ. ಕೇಬಲ್ಲಿನಲ್ಲಿ ಬರೀ ಮೂರು ತಂತಿ ಸಾಲದು, ಈ ಸೂಚನೆಗಳನ್ನು ಒಯ್ಯುವ ಕ್ಯಾರಿಯರ್ ಮತ್ತು ಡಿಟಿಆರ್ ತಂತಿಗಳೂ ಇರಲಿ. ಇಪಿಎಬಿಎಕ್ಸ್ ಜೊತೆ ಬಂದ ಡೀಫಾಲ್ಟ್ ಪಾಸ್‌ವರ್ಡ್ ಇವತ್ತೇ ಬದಲಿಸಿ.

56ಕೆ (ಸೆಕೆಂಡಿಗೆ 56 ಸಾವಿರ ಬಿಟ್) ಮೋಡೆಮ್ ಹಿಂದೆ ಸುಮ್ನೆ ಹೋಗಬೇಡಿ. ಎರಡೂ ತುದಿ ಅನಲಾಗ್ ಆದರೆ 33.6ಕೆಗಿಂತ ಜಾಸ್ತಿ ಸಿಗದು. ಬರೀ ಅಕ್ಷರ ಓದಲು ಸೆಕೆಂಡಿಗೆ 9600 ಬಿಟ್ ಧಾರಾಳ.

—

ಎಲ್ಲರಿಗೂ ಥ್ಯಾಂಕ್ಸ್. ಕೇಬಲ್ಲೇ ತಪ್ಪಿತ್ತು, ಈಗ ಮನೆಯಿಂದಲೇ ಲಾಗಿನ್ ಆಯಿತು. ಮೋಡೆಮ್ ಸ್ವಿಚ್ಚನ್ನು ವಾಚ್‌ಮನ್ ಕೈಗೆ ಕೊಟ್ಟಿದ್ದೇನೆ. ನಾನು ಫೋನ್ ಮಾಡಿದಾಗ ಮಾತ್ರ ಆನ್. ಆಫ್ ಮಾಡುವುದನ್ನು ಅವರು ಮರೆಯುತ್ತಾರೆ, ಅದಕ್ಕೆ ಇನ್ನೊಂದು ಫೋನ್ ಮಾಡುತ್ತೇನೆ.