ನೋಟಿಸ್ ಹಾಕಿದರೂ ಪೋಷಕರಿಗೆ ತಲುಪುತ್ತಿಲ್ಲ, ನೀವು ಏನು ಮಾಡುತ್ತೀರಿ?

ಕೇಳಿದವರು: ಐದನೇ ತರಗತಿಗೆ ಪಾಠ ಮಾಡುತ್ತೇನೆ. ಪೋಷಕರ ವಾಟ್ಸಾಪ್ ಗ್ರೂಪ್ ಇದೆ. ಆದರೂ ಪ್ರತಿ ಸಲ "ನಮಗೆ ಗೊತ್ತೇ ಆಗಲಿಲ್ಲ ಮೇಡಂ" ಎನ್ನುವವರು ಇದ್ದೇ ಇರುತ್ತಾರೆ. ಹೊಸ ಆ್ಯಪ್ ತರಬೇಕಾ? ನಿಮ್ಮ ಅನುಭವ ಹೇಳಿ.

ಒಬ್ಬ ಟೀಚರ್: ಆ್ಯಪ್ ಆಮೇಲೆ ನೋಡೋಣ. ಮೊದಲು ನೋಟಿಸನ್ನೂ ಮಾತುಕತೆಯನ್ನೂ ಬೇರೆ ಮಾಡಿ. ನಮ್ಮಲ್ಲಿ ಒಮ್ಮೆ ಮಳೆಗೆ ರಜೆ ಕೊಟ್ಟಿದ್ದರು. ರಾತ್ರಿಯೇ ಗ್ರೂಪಿಗೆ ಹಾಕಿದ್ದೆ. ಅದರ ಕೆಳಗೆ ಸಾಲಾಗಿ "ಓಕೆ ಮೇಡಂ", ಕೈಮುಗಿದ ಚಿತ್ರಗಳು, ನಡುವೆ ಯಾರದೋ ಹುಟ್ಟುಹಬ್ಬ. ಬೆಳಗ್ಗೆ ಫೈಲ್ ತರಲು ಹೋದರೆ, ಬೀಗ ಹಾಕಿದ ಗೇಟಿನ ಮುಂದೆ ನನ್ನ ಕ್ಲಾಸಿನ ಹುಡುಗ ಅಜ್ಜಿಯ ಕೊಡೆಯೊಳಗೆ ನಿಂತಿದ್ದ. ಬ್ಯಾಗ್ ಪೂರ್ತಿ ಒದ್ದೆ. ಅಜ್ಜಿ ಬೈಯಲಿಲ್ಲ. "ಫೋನು ಮಗನ ಹತ್ರ ಇರುತ್ತೆ, ಅವನಿಗೆ ರಾತ್ರಿ ಪಾಳಿ" ಎಂದರಷ್ಟೇ. ನನಗೆ ತುಂಬಾ ಬೇಜಾರಾಯಿತು.

ಅವತ್ತಿನಿಂದ ನೋಟಿಸಿಗೇ ಒಂದು ಗ್ರೂಪ್, ಅದರಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು. ಮೆಸೇಜ್ ಇನ್ಫೋ ಒತ್ತಿದರೆ ಯಾರು ಓದಿಲ್ಲ ಅಂತ ಕಾಣುತ್ತದೆ. ಬ್ಲೂ ಟಿಕ್ ಆಫ್ ಮಾಡಿಕೊಂಡವರದ್ದೂ ಗ್ರೂಪಿನಲ್ಲಿ ಕಾಣುತ್ತದೆ. ಉಳಿದ ನಾಲ್ಕೈದು ಜನಕ್ಕೆ ಫೋನ್ ಮಾಡುತ್ತೇನೆ. ಒಂದೇ ಮೆಸೇಜನ್ನು ಎಲ್ಲರಿಗೂ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ನನಗೆ ಕೈಕೊಟ್ಟಿತು. ನಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಅದು ಹೋಗುವುದೇ ಇಲ್ಲ.

ಇನ್ನೊಂದು, ವಿಷಯ ಮೊದಲ ಸಾಲಿನಲ್ಲೇ ಇರಲಿ: "ನಾಳೆ ಗುರುವಾರ ಶಾಲೆ ಇಲ್ಲ." "ಮಾನ್ಯ ಪೋಷಕರಲ್ಲಿ ಈ ಮೂಲಕ ತಿಳಿಸುವುದೇನೆಂದರೆ" ಅಂತ ಶುರು ಮಾಡಿದರೆ ನೋಟಿಫಿಕೇಶನ್ನಿನಲ್ಲಿ ಅಷ್ಟೇ ಕಾಣುತ್ತದೆ. ಜೊತೆಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಹಾಕಿ. ಓದಲು ಬಾರದ ಅಜ್ಜ ಅಜ್ಜಿಯರೂ ಕೇಳಿಸಿಕೊಳ್ಳುತ್ತಾರೆ.

ಶಾಲಾ ಆಫೀಸಿನಲ್ಲಿ ಇರುವವರು: ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ನಾವು ಎಸ್‌ಎಂಎಸ್ ಕಳಿಸುತ್ತೇವೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಒತ್ತು, ಕೊಂಬು ಎಲ್ಲಾ ಬೇರೆ ಬೇರೆ ಲೆಕ್ಕ, ಹಾಗಾಗಿ ಬೇಗ ತುಂಬುತ್ತದೆ. ಚಿಕ್ಕದಾಗಿ ಬರೆಯಿರಿ. ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕಾಪಿ ಮಾಡಿ ಹಾಕಬೇಡಿ. ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಬರುತ್ತದೆ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಲು ಬರುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿಕೊಳ್ಳಿ.

ಒಬ್ಬ ತಂದೆ: ನನಗೆ ಕಣ್ಣು ಕಾಣುವುದಿಲ್ಲ. ಮೆಸೇಜನ್ನು ಫೋನೇ ಓದಿ ಹೇಳುತ್ತದೆ. ಮಗಳ ಶಾಲೆಯವರು ನೋಟಿಸಿನ ಫೋಟೊ ಹಾಕಿದಾಗ ನನಗೆ "ಫೋಟೊ" ಅಂತ ಮಾತ್ರ ಕೇಳಿಸುತ್ತಿತ್ತು. ಪರೀಕ್ಷೆ ಯಾವತ್ತು ಅಂತ ಅವಳನ್ನೇ ಕೇಳಬೇಕಿತ್ತು. ಒಂದು ದಿನ ಹೋಗಿ ಹೇಳಿದೆ. ಈಗ ಫೋಟೊ ಕೆಳಗೆ ಅದನ್ನೇ ಟೈಪ್ ಮಾಡಿ ಹಾಕುತ್ತಾರೆ. ಎರಡು ನಿಮಿಷದ ಕೆಲಸ ಅಷ್ಟೇ ಅಲ್ವಾ?

ಹಾಗೇ, ಇಡೀ ಕ್ಲಾಸಿನ ಅಂಕಪಟ್ಟಿ ಗ್ರೂಪಿಗೆ ದಯವಿಟ್ಟು ಹಾಕಬೇಡಿ. ಕಡಿಮೆ ಬಂದ ಮಗುವಿನ ಮನೆಯವರಿಗೆ ಬೇರೆಯಾಗಿ ಹೇಳಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನೋಟಿಸ್ ಗ್ರೂಪ್ ಇವತ್ತೇ ಮಾಡಿದೆ. ಯಾರ ಮನೆಯಲ್ಲಿ ಫೋನ್ ಹಗಲು ಯಾರ ಹತ್ತಿರ ಇರುತ್ತದೆ ಅಂತ ನಾಳೆ ಮಕ್ಕಳನ್ನೇ ಕೇಳಿ ಬರೆದುಕೊಳ್ಳುತ್ತೇನೆ.