ಪ್ರಶ್ನೆ: ‘ಕ್ವಿಯರ್ ಸ್ಪೇಸ್’ಗೆ ಕನ್ನಡದಲ್ಲಿ ಏನು? (ಬ್ಯಾನರ್ ನಾಳೆ ಪ್ರಿಂಟಿಗೆ)

ನಿಮ್ಮ ಸಿನಿಮಾ ಪ್ರದರ್ಶನದ ಬ್ಯಾನರಿಗೆ ‘ಕ್ವಿಯರ್ ಸ್ಪೇಸ್ ಇನ್ ಇಂಡಿಯನ್ ಸಿನಿಮಾ’ ಅನ್ನುವುದರ ಕನ್ನಡ ಕೇಳಿದ್ದೀರಿ. ಅವಸರ ಅಂದಿದ್ದೀರಿ, ಉತ್ತರ ಮೊದಲು: ‘ಭಾರತೀಯ ಸಿನಿಮಾದಲ್ಲಿ ಕ್ವಿಯರ್ ತಾವು’. ಹೀಗೇ ಹಾಕಿ. ಇಲ್ಲಿ ‘ತಾವು’ ಅಂದರೆ ಎಡೆ, ನೆಲೆ.

‘ವಿಲಕ್ಷಣ’ ಬೇಡವೇ ಬೇಡ. ‘ಕ್ವಿಯರ್’ ಅಂದರೆ ಇಂಗ್ಲಿಷಿನಲ್ಲಿ ‘ವಿಲಕ್ಷಣ’ ಅನ್ನುವ ಬೈಗುಳವಾಗಿತ್ತು, ಅದನ್ನು ಬೈಸಿಕೊಂಡ ಸಲಿಂಗಪ್ರೇಮಿಗಳು, ಟ್ರಾನ್ಸ್ ಜನರೇ ಎತ್ತಿಕೊಂಡು ತಮ್ಮ ಹೆಸರು ಮಾಡಿಕೊಂಡರು. ಕನ್ನಡದ ‘ವಿಲಕ್ಷಣ’ಕ್ಕೆ ಆ ಕಥೆಯಿಲ್ಲ, ಬೈಗುಳವಷ್ಟೇ ಉಳಿಯುತ್ತದೆ. ‘ಸಲಿಂಗಕಾಮಿ ವಲಯ’ ಅಂದರೆ ಟ್ರಾನ್ಸ್ ಜನ ಹೊರಗೆ ನಿಲ್ಲಬೇಕು. ‘ಲಿಂಗತ್ವ ಅಲ್ಪಸಂಖ್ಯಾತರು’ ಸರ್ಕಾರಿ ಆದೇಶಕ್ಕೆ ಸರಿ, ಸಿನಿಮಾ ಬ್ಯಾನರಿಗೆ ಭಾರ.

‘ಕ್ವಿಯರ್’ ಪರಭಾಷೆ ಅಂತ ಸಿಟ್ಟಾಗುವವರೇ, ಪಕ್ಕದಲ್ಲೇ ಇರುವ ‘ಸಿನಿಮಾ’ ಯಾವ ಊರಿನದು? ಕುರ್ಚಿ, ಸಾಬೂನು? ‘ಸ್ಪೇಸ್’ಗೆ ಕೆಲವರು ಹೇಳುವ ‘ಜಾಗ’ ಕೂಡ ಹೊರಗಿಂದ ಬಂದದ್ದೇ. ಜನ ತಾವೇ ಆರಿಸಿಕೊಂಡ ಹೆಸರನ್ನು ತಿದ್ದೋಕೆ ನಾವ್ಯಾರು?

ಆದರೆ ‘ಸ್ಪೇಸ್’ ಕನ್ನಡದಲ್ಲೇ ಬರಲಿ. ‘ಜಾಗ’ ಅಂದರೆ ಬೆಂಗಳೂರಲ್ಲಿ ಸೈಟು, ಅಷ್ಟೇ. ನಮ್ಮಜ್ಜಿ ಹೊಸಕೋಟೆಯವರು. ಅತ್ತುಕೊಂಡು ಬಂದ ಮಗುವನ್ನು ‘ನನ್ತಾವ ಬಾ’ ಅಂತ ಕರೆದು ಸೆರಗಲ್ಲಿ ಮುಖ ಒರೆಸುತ್ತಿದ್ದರು. ಆ ತಾವಿನಲ್ಲಿ ನೆಲವೂ ಇದೆ, ನಮ್ಮವರ ಪಕ್ಕ ಅನ್ನುವುದೂ ಇದೆ. ನೀವು ತೋರಿಸುವ ಸಿನಿಮಾಗಳಲ್ಲಿ ಇರುವುದು ಇದೇ ಅಲ್ವಾ? 1996ರ ‘ಫೈರ್’ನಲ್ಲಿ ದಿಲ್ಲಿಯ ಕೂಡುಕುಟುಂಬದ ಇಬ್ಬರು ಓರಗಿತ್ತಿಯರಿಗೆ ಬೇರೆ ಮನೆಯಿಲ್ಲ, ಅಡುಗೆಮನೆ ಮತ್ತು ತಾರಸಿಯಲ್ಲೇ ಒಬ್ಬರಿಗೊಬ್ಬರು ತಾವಾಗುತ್ತಾರೆ. 2016ರ ‘ಅಲೀಗಢ್’ನಲ್ಲಿ ಮರಾಠಿ ಮೇಷ್ಟ್ರು ಸಿರಸ್ ತಮ್ಮ ರೂಮಿನಲ್ಲಿ ಒಬ್ಬರೇ ಕೂತು, ಕೈಯಲ್ಲಿ ಗ್ಲಾಸು ಹಿಡಿದು, ಲತಾ ಹಾಡಿಗೆ ದನಿಗೂಡಿಸುತ್ತಾರೆ. ಅವರು ಗೆಳೆಯನ ಜೊತೆ ಇದ್ದಾಗ ಕ್ಯಾಮೆರಾ ಹಿಡಿದು ಜನ ನುಗ್ಗಿದ್ದು ಅವರ ಮನೆಗೇ. ಆ ಮೇಷ್ಟ್ರು ಕವಿ ಕೂಡ, ‘ಗೇ’ ಅನ್ನುವ ಮೂರಕ್ಷರದ ಇಂಗ್ಲಿಷ್ ಪದದಲ್ಲಿ ತನ್ನ ಮನಸ್ಸು ಹೇಗೆ ಹಿಡಿಸುತ್ತದೆ ಅಂತ ಕೇಳುತ್ತಾರೆ. ಪದಕ್ಕಾಗಿ ಕಿತ್ತಾಡುವ ನಾವೆಲ್ಲ ಆ ದೃಶ್ಯ ನೋಡಬೇಕು.

‘ತಾವು’ ಅಂದರೆ ‘ನೀವು’ ಅಂತ ಓದುತ್ತಾರೆ ಅನ್ನುವ ತಕರಾರು ಬಂದೇ ಬರುತ್ತದೆ. ಎರಡೂ ಒಂದೇ ಪದ ಅಂತ ನಾನು ವಾದ ಮಾಡುತ್ತಿಲ್ಲ. ಆದರೆ ಹಾಗೆ ಓದಿದರೆ ನಷ್ಟವೇನು? ನಮ್ಮ ಕ್ರಿಯಾಪದ ‘ಬರುತ್ತಾನೆ’ಯೋ ‘ಬರುತ್ತಾಳೆ’ಯೋ ಅಂತ ಮೊದಲೇ ಕೇಳುತ್ತದೆ. 2015ರ ಕನ್ನಡ ಸಿನಿಮಾ ‘ನಾನು ಅವನಲ್ಲ ಅವಳು’ ಆ ಸಂಕಟವನ್ನೇ ಹೆಸರು ಮಾಡಿಕೊಂಡಿತು. ‘ತಾವು ಬನ್ನಿ’ ಅನ್ನುವಾಗ ಗಂಡೋ ಹೆಣ್ಣೋ ಅಂತ ಯಾರೂ ಕೇಳುವುದಿಲ್ಲ, ಗೌರವ ಮಾತ್ರ ಸಿಗುತ್ತದೆ.

‘ತಾವುಗಳು’ ಅಂತ ಮಾತ್ರ ಮಾಡಬೇಡಿ. ಪ್ರೂಫ್ ಇಲ್ಲಿಗೇ ಕಳಿಸಿ, ರಾತ್ರಿ ಹನ್ನೊಂದರವರೆಗೂ ಎದ್ದಿರುತ್ತೇನೆ, ಒತ್ತಕ್ಷರ ನೋಡಿಕೊಡುತ್ತೇನೆ.